ಮಿಲ್ಲಿನ ಮಣ್ಣು ಟ್ರ್ಯಾಕ್ಟರ್ ಹತ್ತುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಓಣಿಯ ಖಾಲಿ ಸೈಟಿಗೆ ಯಾರೋ 4 ಟ್ರ್ಯಾಕ್ಟರ್ ಮಣ್ಣು ಹಾಕಿಸಿದರು. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಜಾಸ್ತಿ, ಅದಕ್ಕೇ ತುಂಬಿಸಿದ್ದು. ಒಳ್ಳೆಯ ಕೆಲಸವೇ. ಸಂಜೆ ಹೊತ್ತಿಗೆ ಓಣಿಯ ಮಕ್ಕಳೆಲ್ಲ ಆ ಗುಡ್ಡೆ ಹತ್ತಿ ಜಾರುತ್ತಿದ್ದವು. ನನ್ನ ಮೊಮ್ಮಗಳು ಒಂದು ಹೆಂಟೆ ಹಿಡಿದುಕೊಂಡು ಬಂದು, "ತಾತಾ, ನೀಲಿ ಕಲ್ಲು ನೋಡು" ಅಂದಳು.

ಕಲ್ಲಲ್ಲ ಅದು. ನಮ್ಮದೇ ಎರೆಮಣ್ಣು. ಮೇಲೆ ಕಪ್ಪಗಿತ್ತು. ಮುರಿದೆ. ಒಳಗೆ ಬಿರುಕು ಇದ್ದ ಕಡೆಯೆಲ್ಲ ನೀಲಿ ಗೆರೆ ಇಳಿದಿತ್ತು, ಸೀರೆಯ ಅಂಚಿನ ಹಾಗೆ. ಮೂಸಿ ನೋಡಿದೆ, ವಾಸನೆ ಏನೂ ಇಲ್ಲ. ಬಣ್ಣ ಮಾತ್ರ ತಕ್ಷಣ ಗುರುತು ಸಿಕ್ಕಿತು. 19 ವರ್ಷ ನನ್ನ ಅಂಗಿಯ ಕಾಲರಿನಲ್ಲಿ ಇದ್ದ ಬಣ್ಣ ಅದು.

ಮಾರನೇ ದಿನ ಟ್ರ್ಯಾಕ್ಟರಿನ ಹುಡುಗನನ್ನು ನಿಲ್ಲಿಸಿ ಕೇಳಿದೆ. "ಎಲ್ಲಿಂದ ತಂದಿಯಪ್ಪಾ ಈ ಮಣ್ಣು?"

"ಹಳೆ ಮಿಲ್ಲಿಂದ ತಾತಾ. ಅಲ್ಲಿ ಜೆಸಿಬಿ ಬಿಟ್ಟಾರೆ, ಲೇಔಟ್ ಆಗ್ತದಂತೆ. ಮಣ್ಣು ಪುಕ್ಕಟೆ, ನಾವು ಡೀಸೆಲ್ ದುಡ್ಡು ಅಷ್ಟೇ ತಗೊಳ್ಳೋದು."

ಅದಕ್ಕೇ ಈ ಕಾಗದ.

ನಾನು ಆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ಮಿಲ್ಲಿನ ಹೆಸರು ಬರೆಯುವುದಿಲ್ಲ. ಮಾಲೀಕರು ಎರಡು ಮೂರು ಸಲ ಬದಲಾದರು, ಆಮೇಲೆ ಬೀಗ ಬಿತ್ತು, ಆಮೇಲೆ ಕೋರ್ಟು, ಹರಾಜು. ಈಗ ಅದು ಯಾರ ಕೈಯಲ್ಲಿದೆಯೋ ಅವರಿಗೂ ನೆಲದ ಒಳಗೆ ಏನಿದೆ ಅಂತ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಫಿಟ್ಟರ್ ಅಂದರೆ ಮಿಲ್ಲಿನ ಎಲ್ಲಾ ಮೂಲೆಗೂ ಸ್ಪ್ಯಾನರ್ ಹಿಡಿದು ಹೋಗುವವನು. ಮ್ಯಾನೇಜರ್ ಸಾಹೇಬರು ಕಾಲಿಡದ ಜಾಗಕ್ಕೆಲ್ಲ ನಾನು ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿದ್ದೇನೆ.

ಬಳ್ಳಾರಿ ಅಂದರೆ ಈಗಿನವರಿಗೆ ಗಣಿ ಮತ್ತು ಜೀನ್ಸ್. ಅದಕ್ಕೂ ಮುಂಚೆ ಇದು ಹತ್ತಿ ಊರು. ಬಂಡಿಗಟ್ಟಲೆ ಅರಳೆ ಬರುತ್ತಿತ್ತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ, ಬೇಲು ಕಟ್ಟುವ ಪ್ರೆಸ್ಸು, ಎಣ್ಣೆ ಗಿರಣಿ ಎಷ್ಟೋ ಇದ್ದವು. ಅವುಗಳಲ್ಲಿ ಎಷ್ಟೋ ಜಾಗ ಈಗ ಕಲ್ಯಾಣ ಮಂಟಪ, ಶೋರೂಮು, ಸೈಟು ಆಗಿವೆ. ಬರೀ ಜಿನ್ನಿಂಗ್ ಜಾಗವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಧೂಳು, ಹತ್ತಿಬೀಜ, ಅಷ್ಟೇ. ನಮ್ಮ ಮಿಲ್ಲಿನಲ್ಲಿ ಬಣ್ಣದ ಮನೆ ಇತ್ತು. ವ್ಯತ್ಯಾಸ ಅಲ್ಲಿದೆ.

ಬಣ್ಣದ ಮನೆಯಲ್ಲಿ ನೂಲನ್ನು ಬಣ್ಣದಲ್ಲಿ ಅದ್ದಿ ತೆಗೆದ ಮೇಲೆ ಬಣ್ಣ ಕೂರಿಸಬೇಕು. ಅದಕ್ಕೆ ಆಗ ಬೈಕ್ರೋಮೇಟ್ ಹಾಕುತ್ತಿದ್ದರು. ನಾವು 'ಕೆಂಪು ಪುಡಿ' ಅಂತಿದ್ದೆವು, ನೋಡಲು ಕಿತ್ತಳೆ ಬಣ್ಣದ ಸಕ್ಕರೆ ಇದ್ದ ಹಾಗೆ. ಅದರಲ್ಲಿರುವುದು ಕ್ರೋಮಿಯಂ. ಬಣ್ಣದ ಮನೆಯಲ್ಲಿ ಬರಿಗೈಯಲ್ಲಿ ದುಡಿದವರಿಗೆ ಬೆರಳ ಗೆಣ್ಣಿನ ಮೇಲೆ ಸಣ್ಣ ಗುಂಡನೆಯ ಹುಣ್ಣಾಗುತ್ತಿತ್ತು. ನೋವಿಲ್ಲ, ವಾಸಿಯೂ ಆಗುವುದಿಲ್ಲ. ನಾವು ಅರಿಶಿನ ಹಚ್ಚಿಕೊಳ್ಳಿ ಅಂತ ಬುದ್ಧಿ ಹೇಳುತ್ತಿದ್ದೆವು! ಅದು ಕ್ರೋಮ್ ಹುಣ್ಣು ಅಂತ ಗೊತ್ತಾಗಿದ್ದು ಮಿಲ್ಲು ಮುಚ್ಚಿದ ಎಷ್ಟೋ ವರ್ಷದ ಮೇಲೆ.

ಪಕ್ಕದ ಮನೆಯಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರಿದ್ದಾರೆ. ಆ ನೀಲಿ ಹೆಂಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅವರ ಹತ್ತಿರ ಹೋದೆ. ಅವರು ಹೇಳಿದ್ದು ಹೀಗೆ. ನೀಲಿ ಬಣ್ಣವೇ ದೊಡ್ಡ ವಿಷ ಅಂತ ಹೇಳೋಕಾಗಲ್ಲ, ಅದು ನೀರಿಗೆ ಕರಗದೆ ಅಲ್ಲೇ ಕೂತಿದೆ. ಆದರೆ ನೀಲಿ ನೀರು ಎಲ್ಲಿಗೆ ಇಳಿದಿದೆಯೋ ಅಲ್ಲಿಗೆ ಅದರ ಜೊತೆಗಿದ್ದವರೂ ಇಳಿದಿರುತ್ತಾರೆ. ಕ್ರೋಮಿಯಂನಲ್ಲಿ ಎರಡು ತರ. ಕ್ರೋಮಿಯಂ-3 ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಕ್ರೋಮಿಯಂ-6 ನೀರಿನ ಜೊತೆ ಓಡುತ್ತದೆ, ಕ್ಯಾನ್ಸರ್ ತರುವುದೂ ಅದೇ. ನಮ್ಮ ಎರೆಮಣ್ಣು ಕ್ಷಾರದ ಮಣ್ಣು, ಅಂಥ ಮಣ್ಣಿನಲ್ಲಿ 6 ಅನ್ನುವುದು ಬೇಗ 3 ಆಗಿ ತಣ್ಣಗಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಎಲ್ಲಾ ಕ್ರೋಮಿಯಂ ಸೇರಿ ಒಂದು ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ಒಂದು ಟ್ಯಾಂಕರ್ ನೀರು ಕೆಡಿಸಲು ಚಿಟಿಕೆ ಕೆಂಪು ಪುಡಿ ಸಾಕು ಅಂದರು ಮೇಷ್ಟ್ರು. ನಾವು ಡ್ರಮ್ಮುಗಟ್ಟಲೆ ಸುರಿದಿದ್ದೇವೆ.

ಈಗ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ಬಣ್ಣದ ಮನೆಯಿಂದ ಹಿಂದಿನ ಹೊಂಡಕ್ಕೆ ನೆಲದೊಳಗೆ ಒಂದು ಪೈಪು ಹೋಗುತ್ತಿತ್ತು. ಹೊಳಪು ಕೊಟ್ಟ ಮಣ್ಣಿನ ಪೈಪು, ತುಂಡು ತುಂಡು ಜೋಡಿಸಿದ್ದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ರೈತರಿಗೆ ಹೇಳಿಕೊಡಬೇಕಾಗಿಲ್ಲ, ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ನೆಲ ಹೀಗೆ ಉಸಿರಾಡಿದ ಹಾಗೆಲ್ಲ ಪೈಪಿನ ಜಾಯಿಂಟು ಬಿಟ್ಟುಕೊಳ್ಳುತ್ತಿತ್ತು. ವರ್ಷಕ್ಕೊಮ್ಮೆ ನಾನು ಅಗೆಸಿ ಸಿಮೆಂಟು ಮೆತ್ತುತ್ತಿದ್ದೆ. ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತಿತ್ತು. ಅಂದರೆ ಹೊಂಡ ಸೇರಬೇಕಾದ ನೀರಿನಲ್ಲಿ ಎಷ್ಟು ಹೊಂಡ ಸೇರಿತೋ, ಎಷ್ಟು ದಾರಿಯಲ್ಲೇ ಬಿರುಕಿಗೆ ಇಳಿಯಿತೋ, ದೇವರಿಗೇ ಗೊತ್ತು. ಇನ್ನೂ ಕೆಳಗೆ ಹೋದರೆ ಕಲ್ಲು, ಕಲ್ಲಿನ ಸೀಳಿನಲ್ಲಿ ನಮ್ಮ ಬೋರಿನ ನೀರು.

ನೀರು ಶುದ್ಧ ಮಾಡುವ ಘಟಕ ಇರಲಿಲ್ಲವೇ ಅಂತ ಕೇಳಬಹುದು. ಬೋರ್ಡು ಇತ್ತು. ಬೋರ್ಡಿನ ಕೆಳಗೆ ಒಂದು ಮೋಟಾರು ಇತ್ತು. ಅದನ್ನು ನಾನು ರಿಪೇರಿ ಮಾಡಿದ ನೆನಪು ಮಾತ್ರ ಇಲ್ಲ, ಯಾಕೆಂದರೆ ಅದು ಓಡಿದರೆ ತಾನೇ ಕೆಡುವುದು.

ಟ್ರ್ಯಾಕ್ಟರಿನ ಹುಡುಗ ಹೇಳಿದ ಮಾತು ತಲೆಯಿಂದ ಹೋಗಲಿಲ್ಲ. ಭಾನುವಾರ ನಾವು ನಾಲ್ಕು ಜನ ಹಳಬರು ಮಿಲ್ ಗೇಟಿನ ಎದುರಿನ ಹೋಟೆಲಿನಲ್ಲಿ ಸೇರಿದೆವು. ನಾನು, ಬಣ್ಣದ ಮನೆಯ ಒಬ್ಬ ಅಣ್ಣ, ಆಗ ವಾಚ್‌ಮನ್ ಆಗಿದ್ದ ಮಾವ, ನೂಲು ಸುತ್ತುವ ವೈಂಡಿಂಗ್ ಖಾತೆಯಲ್ಲಿದ್ದ ಅಕ್ಕ. ಒಗ್ಗಾಣಿ, ಮಿರ್ಚಿ ತರಿಸಿಕೊಂಡು ಹಳೇ ಕ್ಯಾಲೆಂಡರಿನ ಹಿಂದೆ ಮಿಲ್ಲಿನ ನಕ್ಷೆ ಬರೆಯಲು ಕೂತೆವು. ಯಾರೂ ನಮಗೆ ಹೇಳಿರಲಿಲ್ಲ. ಸುಮ್ನೆ ಇರಲು ಆಗಲಿಲ್ಲ, ಅಷ್ಟೇ.

ಒಂದೂವರೆ ಗಂಟೆ ಜಗಳವಾಯಿತು. ಪೈಪು ಎಲ್ಲಿ ತಿರುಗುತ್ತಿತ್ತು ಅನ್ನುವುದಕ್ಕೆ. ಅಣ್ಣ ಬೇವಿನ ಮರದ ಈಚೆ ಅಂದರು, ನಾನೂ ಹೌದೆಂದೆ. ಅಕ್ಕ ಮಿರ್ಚಿ ಕೆಳಗಿಟ್ಟು, "ಮರದ ಆಚೆ ರೀ. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚುತ್ತಿದ್ದೆವು. ಮಳೆ ಬಂದಾಗ ಕೂತು ಎದ್ದರೆ ಸೀರೆ ನೀಲಿ ಆಗ್ತಿತ್ತು, ಮನೆಯಲ್ಲಿ ಅತ್ತೆ ಕೈಲಿ ಬೈಸಿಕೊಂಡಿದ್ದೀನಿ" ಅಂದರು. ಫಿಟ್ಟರ್ ಸೋತ. ನೋಡಲು ಹೋದರೆ ಜೆಸಿಬಿಯವರು ಎಲ್ಲಕ್ಕಿಂತ ಮೊದಲು ಕಿತ್ತಿದ್ದು ಆ ಬೇವಿನ ಮರವನ್ನೇ. ಹಾಗಾಗಿ ಚಿಮಣಿ ಬುಡದಿಂದ ಹೆಜ್ಜೆ ಹಾಕಿ ಅಳೆದೆವು. ಪೂರ್ವಕ್ಕೆ 42 ಹೆಜ್ಜೆ, ಅಲ್ಲಿಂದ ಬಲಕ್ಕೆ 15.

ನಕ್ಷೆಯಲ್ಲಿ ಇನ್ನೂ ಕೆಲವು ಗುರುತು ಹಾಕಿದ್ದೇವೆ. ಟ್ರಾನ್ಸ್‌ಫಾರ್ಮರ್ ಯಾರ್ಡಿನ ಹಿಂದಿನ ಗೋಡೆ: ಎಣ್ಣೆ ಬದಲಿಸಿದಾಗ ಹಳೇ ಎಣ್ಣೆಯನ್ನು ಗೋಡೆಗುಂಟ ಸುರಿಯುತ್ತಿದ್ದೆವು, ಗೆದ್ದಲು ಹತ್ತಲ್ಲ, ಕಸ ಬೆಳೆಯಲ್ಲ ಅಂತ. ಸುರಿದವರಲ್ಲಿ ನಾನೂ ಒಬ್ಬ. ಹಳೇ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಇರುತ್ತಿತ್ತು, ಮಣ್ಣಿನಲ್ಲಿ ಹತ್ತಾರು ವರ್ಷ ಕರಗದೆ ಉಳಿಯುತ್ತದೆ. ಅದನ್ನು ಹಂತಹಂತವಾಗಿ ಪೂರ್ತಿ ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಹೊರಡಿಸಿತು. ನಮ್ಮ ಎಣ್ಣೆಯಲ್ಲಿ ಅದು ಇತ್ತೋ ಇಲ್ಲವೋ, ಪರೀಕ್ಷೆ ಮಾಡಿದರೆ ತಾನೇ ತಿಳಿಯುವುದು? ಕ್ಯಾಂಟೀನಿನ ಹಿಂದಿನ ತಗ್ಗು ಬಾಯ್ಲರ್ ಬೂದಿಯಿಂದ ತುಂಬಿದ್ದು. ಫರ್ನೇಸ್ ಆಯಿಲ್ ಟ್ಯಾಂಕು ಇದ್ದ ಜಾಗ ಗೇಟಿನ ಎಡಕ್ಕೆ. ಚಾವಣಿಯ ಕಲ್ನಾರಿನ ಶೀಟಿನ ವಿಷಯ ಬೇರೆ. ಅದನ್ನು ಹುಡುಗರು ಮುಖಕ್ಕೆ ಒಂದು ಬಟ್ಟೆಯೂ ಕಟ್ಟದೆ ಸುತ್ತಿಗೆಯಲ್ಲಿ ಒಡೆದು ಇಳಿಸುತ್ತಿದ್ದಾರೆ. ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು. ಆ ಧೂಳು ಒಳಗೆ ಹೋದರೆ ಕಾಯಿಲೆ ಕಾಣಿಸಿಕೊಳ್ಳಲು 20-40 ವರ್ಷ ಬೇಕು. ಆ ಹೊತ್ತಿಗೆ ಈ ಹುಡುಗರಿಗೆ ತಾವು ಎಲ್ಲಿ ಕೂಲಿ ಮಾಡಿದೆವು ಅನ್ನುವುದೂ ಮರೆತಿರುತ್ತದೆ.

ಲೇಔಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಊರು ಬೆಳೆದಿದೆ, ಮನೆ ಬೇಕು. ನನ್ನ ಮಗನೇ ಬಾಡಿಗೆ ಮನೆಯಲ್ಲಿದ್ದಾನೆ. ಊರೊಳಗೆ ಅಷ್ಟು ದೊಡ್ಡ ಜಾಗ ಜಾಲಿ ಬೆಳೆದುಕೊಂಡು ಹಂದಿ, ಹಾವಿಗೆ ಮನೆಯಾಗಿ ಇರುವುದು ಯಾರಿಗೆ ಬೇಕು? ಮಿಲ್ಲಿನ ಇಡೀ ಜಾಗ ವಿಷ ಅಂತಲೂ ಅಲ್ಲ. ಬೇಲು ಇಡುತ್ತಿದ್ದ ಗೋದಾಮು, ಆಫೀಸು, ಕ್ವಾರ್ಟರ್ಸ್ ಕಡೆ ಹತ್ತಿ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ನಾಲ್ಕು ಜನರ ಲೆಕ್ಕದಲ್ಲಿ ಕೆಟ್ಟಿರುವುದು ಒಂದು ಮೂಲೆ, ಅದರ ಸುತ್ತಮುತ್ತ. ಆದರೆ ಆ ಮೂಲೆ ಯಾವುದು ಅಂತ ಮೊದಲು ಗೆರೆ ಎಳೆಯಬೇಕು.

ಇಲ್ಲಿ ನಮ್ಮ ಕಡೆಯದೇ ಒಂದು ತೊಡಕಿದೆ, ಬೆಂಗಳೂರಿನಲ್ಲಿ ಕೂತವರಿಗೆ ಹೊಳೆಯಲಿಕ್ಕಿಲ್ಲ. ಎರೆಮಣ್ಣಿನ ಮೇಲೆ ಯಾರೂ ಹಾಗೇ ಮನೆ ಕಟ್ಟುವುದಿಲ್ಲ, ಗೋಡೆ ಸೀಳುತ್ತದೆ. ಪಾಯಕ್ಕೆ ಎರೆಮಣ್ಣು ಪೂರ್ತಿ ತೆಗೆದು ಗರಸು ತುಂಬುತ್ತಾರೆ. ಹಾಗಾಗಿ ಅಲ್ಲಿ ಲೇಔಟ್ ಆದರೆ ವಿಷದ ಮಣ್ಣಿನ ಮೇಲೆ ಮನೆ ಏಳುವುದು ಒಂದು ಕಷ್ಟ. ಆ ಮಣ್ಣು ಟ್ರ್ಯಾಕ್ಟರ್ ಹತ್ತಿ ಊರೆಲ್ಲ ಹಂಚಿಹೋಗುವುದು ಅದಕ್ಕಿಂತ ದೊಡ್ಡ ಕಷ್ಟ. ತೋಟಕ್ಕೆ, ಶಾಲೆ ಮೈದಾನಕ್ಕೆ, ಇಟ್ಟಿಗೆ ಭಟ್ಟಿಗೆ, ನಮ್ಮ ಓಣಿಯ ಗುಂಡಿಗೆ. ಒಂದು ಕಡೆ ಇದ್ದದ್ದನ್ನು ನೂರು ಕಡೆ ಮಾಡಿದ ಮೇಲೆ ಯಾವ ಸರ್ಕಾರ ತಾನೇ ಹುಡುಕಿ ತೆಗೆಯುತ್ತದೆ?

ಅಮೆರಿಕದಲ್ಲಿ ನಯಾಗರ ಫಾಲ್ಸ್ ಅನ್ನುವ ಊರಿನಲ್ಲಿ ಲವ್ ಕೆನಾಲ್ ಅಂತ ಒಂದು ಹಳೇ ಕಾಲುವೆ ಇತ್ತಂತೆ. 1942ರಿಂದ 1953ರವರೆಗೆ ಒಂದು ಕಾರ್ಖಾನೆ ಅದರಲ್ಲಿ 20 ಸಾವಿರ ಟನ್ನಿಗಿಂತ ಜಾಸ್ತಿ ರಾಸಾಯನಿಕ ಹೂತು, ಮೇಲೆ ಮಣ್ಣು ಮುಚ್ಚಿ, ಜಾಗವನ್ನು ಶಾಲಾ ಮಂಡಳಿಗೆ 1 ಡಾಲರಿಗೆ ಕೊಟ್ಟಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆ ಬಂದವು. 1978ರಲ್ಲಿ ನೆಲಮಾಳಿಗೆಗಳಲ್ಲಿ ಕಪ್ಪು ನೀರು ಒಸರಿ, ಮಕ್ಕಳಿಗೆ ಕಾಯಿಲೆ ಬಂದು, ತುರ್ತು ಸ್ಥಿತಿ ಸಾರಿ ಜನರನ್ನು ಎಬ್ಬಿಸಬೇಕಾಯಿತು. ಪುಕ್ಕಟೆ ಮಣ್ಣು ಅಂದಾಗ ನನಗೆ ಆ 1 ಡಾಲರ್ ನೆನಪಾಯಿತು. ಅಷ್ಟು ದೂರ ಯಾಕೆ? ಭೋಪಾಲದ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷದ ಕಸ ಆ ಜಾಗ ಬಿಟ್ಟು ಹೊರಟಿದ್ದು 2025ರ ಜನವರಿಯಲ್ಲಿ. ದುರಂತ ನಡೆದು 40 ವರ್ಷದ ಮೇಲೆ. ಅದೂ ನೆಲದ ಮೇಲಿನದ್ದು ಮಾತ್ರ.

ನಮ್ಮಲ್ಲೂ ಈಗ ಒಂದು ನಿಯಮ ಬಂದಿದೆ. ಕಲುಷಿತ ಸ್ಥಳಗಳ ನಿರ್ವಹಣೆಗೆ ಅಂತಲೇ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಹೊರಡಿಸಿದ ನಿಯಮಗಳು. ಅದರ ಪ್ರಕಾರ ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲೆಯ ಮಟ್ಟದಲ್ಲೇ ಆರು ತಿಂಗಳಿಗೊಮ್ಮೆ ತಯಾರು ಮಾಡಬೇಕು. ಪಟ್ಟಿ ಕೈಸೇರಿದ 90 ದಿನದೊಳಗೆ ಮೊದಲ ತಪಾಸಣೆ, ಆಮೇಲೆ ಇನ್ನು 3 ತಿಂಗಳಲ್ಲಿ ಪೂರ್ತಿ ಸರ್ವೆ. ಕೆಡಿಸಿದವರು ಯಾರೋ ಅವರೇ ಖರ್ಚು ಕೊಡಬೇಕು. ಅವರು ಸಿಗದಿದ್ದರೆ, ಅವರ ಕೈಲಾಗದಿದ್ದರೆ ಕೇಂದ್ರ, ರಾಜ್ಯ ಸೇರಿ ಹಾಕಬೇಕು. ಓದಲು ಚೆನ್ನಾಗಿದೆ. ಆದರೆ ಜಾಗ ಕೆಟ್ಟಿದೆ ಅಂತ ಸಾಬೀತಾದ ಮೇಲೆ ಇಷ್ಟು ದಿನದೊಳಗೆ ಶುದ್ಧ ಮಾಡಿ ಮುಗಿಸಬೇಕು ಅನ್ನುವ ಗಡುವೇ ಅದರಲ್ಲಿಲ್ಲ. ನಿಯಮ ಬಂದಾಗ ದೇಶದಲ್ಲಿ ಇಂಥ 103 ಜಾಗ ಗುರುತಾಗಿದ್ದವು, ಕೆಲಸ ಶುರುವಾಗಿದ್ದು 7ರಲ್ಲಿ ಮಾತ್ರ ಅಂತ ಪತ್ರಿಕೆಗಳಲ್ಲೇ ಬಂದಿತ್ತು. ಗಣಿಯಿಂದ ಕೆಟ್ಟ ನೆಲಕ್ಕೆ ಈ ನಿಯಮ ಅನ್ವಯವಾಗುವುದಿಲ್ಲ, ಅದಕ್ಕೆ ಬೇರೆ ಕಾನೂನಂತೆ. ಬಳ್ಳಾರಿಯವರು ಇದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಇರಲಿ, ಮಿಲ್ಲಿನ ಜಾಗಕ್ಕಂತೂ ಅನ್ವಯವಾಗುತ್ತದೆ. ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಈ ಜಾಗ ಸೇರಲಿ. ಸೇರಿಸಲು ದುಡ್ಡೇನೂ ಬೇಡ, ಒಂದು ಸಾಲು ಬರೆಯಬೇಕು.

ಕೈಗಾರಿಕೆ ಜಾಗವನ್ನು ವಸತಿಗೆ ಬದಲಿಸುವಾಗ ನಗರಾಭಿವೃದ್ಧಿ ಪ್ರಾಧಿಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುತ್ತದೆ. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಎಷ್ಟು ಜಾಗ, ಚರಂಡಿ ಎಲ್ಲಿ, ಎಲ್ಲಾ ಕೇಳುತ್ತಾರೆ. ಜೊತೆಗೆ ಮಣ್ಣಿನ ರಿಪೋರ್ಟ್ ಎಲ್ಲಿ ಅಂತ ಒಂದು ಮಾತು ಕೇಳಿದರೆ ಏನು ಕಷ್ಟ? ರಿಪೋರ್ಟ್ ಅಂದಕೂಡಲೇ ಗೇಟಿನ ಹತ್ತಿರ ಒಂದು ಬೊಗಸೆ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿ, 'ಎಲ್ಲಾ ಸರಿ ಇದೆ' ಅಂತ ಬರೆಸಿಕೊಂಡು ಬರುವವರೂ ಇದ್ದಾರೆ. ಹಾಗಲ್ಲ. ನಾವು ಗುರುತು ಹಾಕಿದ ಜಾಗಗಳಲ್ಲಿ 1 ಅಡಿ, 3 ಅಡಿ, 6 ಅಡಿ ಆಳದಲ್ಲಿ ಬೇರೆ ಬೇರೆ ತೆಗೆಯಲಿ. ಕ್ರೋಮಿಯಂ-6 ಎಷ್ಟು ಅಂತ ಬಿಡಿಸಿ ಕೇಳಲಿ. ಸುತ್ತಲಿನ ಬೋರುಗಳ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆ ಬಂದ ಮೇಲೆ ಒಮ್ಮೆ ನೋಡಲಿ.

ಕೆಟ್ಟ ಮಣ್ಣನ್ನು ಏನು ಮಾಡುವುದು? ತೀರಾ ಕೆಟ್ಟದ್ದನ್ನು ಅಗೆದು, ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆಂದೇ ಇರುವ ಜಾಗಕ್ಕೆ ಮುಚ್ಚಿದ ಲಾರಿಯಲ್ಲಿ ಕಳಿಸಬಹುದು. ಖರ್ಚು ಜಾಸ್ತಿ. ಕ್ರೋಮಿಯಂ-6 ಇದ್ದ ಕಡೆ ಅನ್ನಭೇದಿ, ಅಂದರೆ ಕಬ್ಬಿಣದ ಒಂದು ಉಪ್ಪು, ಬೆರೆಸಿ ಅದನ್ನು 3 ಆಗಿ ತಿರುಗಿಸುವ ಪದ್ಧತಿಯೂ ಇದೆ ಅಂದರು ಮೇಷ್ಟ್ರು. ಅನ್ನಭೇದಿ! ನಮ್ಮ ಗಂಧಿಗೆ ಅಂಗಡಿಯ ಅನ್ನಭೇದಿ. ಸೂರ್ಯಕಾಂತಿ, ಸಾಸಿವೆ ಬೆಳೆಸಿದರೆ ಬೇರು ಲೋಹ ಹೀರುತ್ತದೆ ಅಂತಲೂ ಹೇಳುತ್ತಾರೆ. ಅದು ನಿಧಾನದ ಕೆಲಸ, ವರ್ಷಗಟ್ಟಲೆ ಬೇಕು. ನನಗೆ ಅದರ ಮೇಲೆ ಭರವಸೆ ಕಡಿಮೆ, ಯಾಕೆಂದರೆ ನಮ್ಮೂರಲ್ಲಿ ಸೂರ್ಯಕಾಂತಿ ಬೆಳೆದು ನಿಂತರೆ ಯಾರಾದರೂ ಕೊಯ್ದು ಎಣ್ಣೆ ಮಿಲ್ಲಿಗೆ ಹಾಕದೆ ಬಿಡುತ್ತಾರಾ? ಇಷ್ಟು ಯಾವುದೂ ಆಗದಿದ್ದರೆ ಆ ಮೂಲೆಯಲ್ಲಿ ಮನೆ, ಮಕ್ಕಳ ಪಾರ್ಕು ಬೇಡ. ಮೇಲೆ ದಪ್ಪ ಕಾಂಕ್ರೀಟು ಹಾಕಿ ಗಾಡಿ ನಿಲ್ಲಿಸಲಿ, ಬೋರು ಮಾತ್ರ ಕೊರೆಯದಿರಲಿ. ಉಳಿದ ಕಡೆ ಧಾರಾಳವಾಗಿ ಮನೆ ಕಟ್ಟಲಿ.

ಜೀನ್ಸ್ ವಾಷಿಂಗ್ ಯೂನಿಟ್ ನಡೆಸುವವರಿಗೂ ಒಂದು ಮಾತು. ನಿಮ್ಮ ಹೊಟ್ಟೆಪಾಡಿನ ಮೇಲೆ ನನಗೆ ಸಿಟ್ಟಿಲ್ಲ, ನಮ್ಮದೂ ಅದೇ ಹೊಟ್ಟೆಪಾಡಾಗಿತ್ತು. ನಿಮ್ಮಲ್ಲೂ ಬಣ್ಣವಿದೆ, ಬ್ಲೀಚಿದೆ, ಪರ್ಮಾಂಗನೇಟ್ ಇದೆ. ನಿಮ್ಮ ಪೈಪು ಎಲ್ಲಿ ಹೋಗುತ್ತದೆ, ಎಲ್ಲಿ ಸೋರುತ್ತದೆ ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ನಾಲ್ಕು ಜನ ಮುದುಕರು ಹೋಟೆಲಿನಲ್ಲಿ ಕೂತು ಬೇವಿನ ಮರಕ್ಕೆ ಜಗಳ ಆಡುವ ಹಾಗಾಗದಿರಲಿ.

ನಮ್ಮ ನಕ್ಷೆಯನ್ನು 6 ಜೆರಾಕ್ಸ್ ಮಾಡಿಸಿದ್ದೇವೆ. ಒಂದನ್ನು ಒಂದು ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆವು. ಕೌಂಟರಿನಲ್ಲಿದ್ದ ಹುಡುಗ ಹಿಂದೆ ಮುಂದೆ ತಿರುಗಿಸಿ, "ಇದರಲ್ಲಿ ಲಕ್ಷ್ಮಿ ಫೋಟೋ ಇದೆಯಲ್ಲಾ ಯಜಮಾನ್ರೇ" ಅಂದ. ಕ್ಯಾಲೆಂಡರ್ ಅಲ್ವಾ. ಜೆರಾಕ್ಸ್‌ನವನು ಎರಡೂ ಕಡೆ ತೆಗೆದಿದ್ದ. ಇನ್ನೊಂದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಬೇಕಾದರೆ ಇಟ್ಟುಕೊಳ್ಳಿ.

ನಮ್ಮ ಓಣಿಯ ಗುಡ್ಡೆಗೆ ಟಾರ್ಪಾಲು ಹೊದಿಸಿ ಸುತ್ತ ಕಲ್ಲು ಇಟ್ಟಿದ್ದೇನೆ. ಮಕ್ಕಳಿಗೆ ನನ್ನ ಮೇಲೆ ಸಿಟ್ಟು. ಮೊಮ್ಮಗಳು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.

ಪರೀಕ್ಷೆಗೆ ಮಿಲ್ಲಿನ ಮಣ್ಣು ತೆಗೆಯಲು ಯಾರಾದರೂ ಬರುವುದಾದರೆ ಬೆಳಿಗ್ಗೆ 7 ಗಂಟೆಗೆ ಮುಂಚೆ ಬರಲಿ, ಆಮೇಲೆ ಬಳ್ಳಾರಿ ಬಿಸಿಲಿನಲ್ಲಿ ನನ್ನ ಮಂಡಿ ಕೇಳುವುದಿಲ್ಲ. ಗೇಟಿನ ಎದುರಿನ ಹೋಟೆಲಿನಲ್ಲೇ ಇರುತ್ತೇನೆ. ವೈಂಡಿಂಗ್ ಅಕ್ಕನೂ ಬರುತ್ತೇನೆ ಅಂದಿದ್ದಾರೆ. ಆದರೆ ತಡ ಮಾಡಬೇಡಿ. ಚಿಮಣಿಯನ್ನು ಮುಂದಿನ ವಾರ ಕೆಡವುತ್ತಾರಂತೆ. ಅದೂ ಹೋದರೆ ನಾವು 42 ಹೆಜ್ಜೆಯನ್ನು ಎಲ್ಲಿಂದ ಎಣಿಸೋಣ?

– ಒಬ್ಬ ಹಳೇ ಮಿಲ್ ಫಿಟ್ಟರ್, ಬಳ್ಳಾರಿ